ಸೈನಿಕನ ಸಾವು ‘ಸೇವೆಗೆ ಸಂಬಂಧವಿಲ್ಲ’ ಅಂತ ಪತ್ರ ಬಂದರೆ ಏನು ಮಾಡಬೇಕು

2022ರ ಫೆಬ್ರುವರಿಯಲ್ಲಿ ಕಲಬುರಗಿಯ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ನನ್ನ ಪೆನ್ಷನ್ ಐದರಲ್ಲಿ ಎರಡು ಪಾಲು ಕಡಿಮೆ ಬಂದಿತ್ತು. ಏನೋ ತಪ್ಪಾಗಿದೆ ಅಂದುಕೊಂಡು ಕೌಂಟರ್‌ನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ ನನ್ನ ಪೆನ್ಷನ್ ಆದೇಶದ ಕಾಗದ, ಅಂದರೆ ಪಿಪಿಒ, ನೋಡಿ ಮೆಲ್ಲಗೆ ಹೇಳಿದ: “ಅಕ್ಕಾ, ಹತ್ತು ವರ್ಷ ಮುಗೀತ್ರಿ. ಇನ್ನ ಮ್ಯಾಲ ಇಷ್ಟೇ ಬರ್ತದ.”

ನಾನು ಆಳಂದ ತಾಲ್ಲೂಕಿನ ಹಳ್ಳಿಯವಳು. ನಮ್ಮ ಮನೆಯವರು ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದರು. 2011ರ ಡಿಸೆಂಬರ್‌ನಲ್ಲಿ ಕಾಶ್ಮೀರದ ಒಂದು ಪೋಸ್ಟ್‌ನಲ್ಲಿ ಬೆಳಗಿನ ಜಾವ ಎದೆ ಹಿಡಿದುಕೊಂಡು ಬಿದ್ದರು. ಕೆಳಗಿನ ಆಸ್ಪತ್ರೆಗೆ ತರುವುದರೊಳಗೆ ಜೀವ ಹೋಗಿತ್ತು. ಎಂಟು ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಊರಿನ ಮಾಸ್ತರರು ಓದಿ ಹೇಳಿದರು: ಹೃದಯಾಘಾತ, ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ನಮ್ಮ ಮಾವ “ಸರ್ಕಾರದ ಮಾತಿಗೆ ಎದುರಾಡಬ್ಯಾಡವ್ವ” ಅಂದರು. ನಾನು ಆ ಪತ್ರವನ್ನು ಮನೆಯವರ ಕಪ್ಪು ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದೆ.

ಹತ್ತು ವರ್ಷ ಬೀಗ ತೆಗೆಯಲಿಲ್ಲ. ಅದೇ ನನ್ನ ದೊಡ್ಡ ತಪ್ಪು. ಆ ಪತ್ರದ ಮೇಲೆ ಅಪೀಲು ಹಾಕಬಹುದಿತ್ತು. ಕೊನೆಗೆ ಹಾಕಿದೆ, ಗೆದ್ದೆ, ಆದರೆ ತಡ ಮಾಡಿದ್ದಕ್ಕೆ ಸುಮಾರು ಎಂಟು ವರ್ಷದ ಬಾಕಿ ಹಣ ಕೈ ಬಿಟ್ಟು ಹೋಯಿತು. ನಿಮ್ಮ ಮನೆಗೂ ಅಂಥ ಪತ್ರ ಬಂದಿದ್ದರೆ ಇವತ್ತೇ ಹೊರಗೆ ತೆಗೆಯಿರಿ.

ಮೊದಲು ಹಣದ ಲೆಕ್ಕ ತಿಳಿಯಿರಿ

ಲೆಕ್ಕ ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಸುಮ್ನೆ ಕೂತಿದ್ದಾರೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶದಲ್ಲಿ ಸೈನಿಕನ ಸಾವನ್ನು ಎ, ಬಿ, ಸಿ, ಡಿ, ಇ ಅಂತ ಐದು ಗುಂಪು ಮಾಡಿದ್ದಾರೆ. ಎ ಅಂದರೆ ಸೇವೆಗೆ ಸಂಬಂಧವಿಲ್ಲದ ಸಾವು. ಬಿ ಅಂದರೆ ಸೇವೆಯಿಂದ ಬಂದ ಅಥವಾ ಹೆಚ್ಚಾದ ಬೇನೆಯಿಂದ ಆದ ಸಾವು. ಸಿ ಅಂದರೆ ಡ್ಯೂಟಿಯಲ್ಲಿ ಆದ ಅಪಘಾತ. ಡಿ ಮತ್ತು ಇ ಉಗ್ರರ ದಾಳಿ, ಗಡಿ ಕಾಳಗ, ಯುದ್ಧ ಇಂಥವು.

ಪೆನ್ಷನ್‌ಗೆ ಹಿಡಿಯುವ ಕೊನೆಯ ವೇತನ 40,000 ರೂಪಾಯಿ ಅಂದುಕೊಳ್ಳಿ. ಎ ಗುಂಪಿಗೆ ಸಾಮಾನ್ಯ ಕುಟುಂಬ ಪೆನ್ಷನ್, ಶೇ. 30, ಅಂದರೆ 12,000. ಬಿ ಮತ್ತು ಸಿ ಗುಂಪಿಗೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್, ಶೇ. 60, ಅಂದರೆ 24,000. ಡಿ ಮತ್ತು ಇ ಗುಂಪಿಗೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್, ಪೂರ್ತಿ 40,000. ತುಟ್ಟಿಭತ್ಯೆ ಬೇರೆ.

ಮೋಸ ಹೋಗುವುದು ಇಲ್ಲಿ. ಸೇವೆಯಲ್ಲಿದ್ದಾಗಲೇ ಸತ್ತವರ ಮನೆಗೆ ಸಾಮಾನ್ಯ ಪೆನ್ಷನ್ ಮೊದಲ 10 ವರ್ಷ ಶೇ. 50ರಂತೆ ಬರುತ್ತದೆ. ಅಂದರೆ 20,000. ಸ್ಪೆಷಲ್ ಪೆನ್ಷನ್‌ಗೂ ಇದಕ್ಕೂ ಆಗ ದೊಡ್ಡ ಫರಕು ಕಾಣುವುದಿಲ್ಲ. ಹತ್ತು ವರ್ಷ ದಾಟಿದ ತಿಂಗಳು ಒಮ್ಮೆಲೇ 12,000ಕ್ಕೆ ಇಳಿಯುತ್ತದೆ. ಆಗ ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ. ನನ್ನ ಮಗಳು ಆ ವರ್ಷ ಪಿಯುಸಿ ಎರಡನೇ ವರ್ಷದಲ್ಲಿದ್ದಳು.

ನಿಮ್ಮ ಪಿಪಿಒ ತೆಗೆದು ಯಾವ ಪೆನ್ಷನ್ ಅಂತ ಬರೆದಿದೆ ನೋಡಿ. ‘ಆರ್ಡಿನರಿ’, ಅಂದರೆ ಸಾಮಾನ್ಯ, ಅಂತ ಇದ್ದು, ಮನೆಯವರು ಡ್ಯೂಟಿಯಲ್ಲಿ ಸತ್ತಿದ್ದರೆ ಮುಂದೆ ಓದಿ.

‘ಬಂದದ್ದು’ ಮತ್ತು ‘ಹೆಚ್ಚಾದದ್ದು’

ಕಾನೂನಿನಲ್ಲಿ ಎರಡು ಬಾಗಿಲಿವೆ. ಬೇನೆ ಸೇವೆಯಿಂದಲೇ ಬಂತು ಅನ್ನುವುದು ಒಂದು. ಬೇನೆ ಮೊದಲೇ ಇತ್ತು ಅಥವಾ ಬೇರೆ ಕಾರಣದಿಂದ ಬಂತು, ಆದರೆ ಸೇವೆಯ ಕಷ್ಟದಿಂದ ಜಾಸ್ತಿ ಆಯಿತು ಅನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ತೆರೆದರೂ ಸ್ಪೆಷಲ್ ಪೆನ್ಷನ್ ಸಿಗುತ್ತದೆ. ಆದ್ದರಿಂದ ಅರ್ಜಿಯಲ್ಲಿ ಯಾವಾಗಲೂ ಎರಡನ್ನೂ ಕೇಳಬೇಕು. “ನಮ್ಮವರಿಗೆ ಮೊದಲಿಂದ ಬಿಪಿ ಇತ್ತು, ಇನ್ನೇನು ಕೇಳೂದು” ಅಂತ ಒಬ್ಬ ತಂಗಿ ನನ್ನ ಮುಂದೆ ಅತ್ತಳು. ಬಿಪಿ ಇದ್ದವರನ್ನು ಚಳಿಯಲ್ಲಿ, ನಿದ್ದೆ ಇಲ್ಲದೆ, ಎತ್ತರದ ಜಾಗದಲ್ಲಿ ದುಡಿಸಿದರೆ ಅದು ಹೆಚ್ಚಾಗುವುದಿಲ್ವಾ? ಅವಳ ಕೇಸು ಎರಡನೇ ಬಾಗಿಲಿನದು.

ಸುಪ್ರೀಂ ಕೋರ್ಟಿನ 2013ರ ಜುಲೈ 2ರ ತೀರ್ಪು, ಧರಮ್‌ವೀರ್ ಸಿಂಗ್ ಕೇಸು, ನಮಗೆಲ್ಲ ಆಧಾರ. ಅದು ಅಂಗವಿಕಲ ಪೆನ್ಷನ್ ಕೇಸು, ಆದರೆ ಅದೇ ತತ್ವವನ್ನು ವಿಧವೆಯರ ಕೇಸುಗಳಲ್ಲೂ ತೋರಿಸುತ್ತಾರೆ. ಅದರ ಸಾರ ಇಷ್ಟು. ಭರ್ತಿ ಆಗುವಾಗ ವೈದ್ಯರು ಪರೀಕ್ಷೆ ಮಾಡಿ ಗಟ್ಟಿ ಇದ್ದಾನೆ ಅಂತ ತೆಗೆದುಕೊಂಡಿದ್ದಾರೆ, ಆ ಕಾಗದದಲ್ಲಿ ಬೇನೆಯ ಮಾತಿಲ್ಲ. ಹಾಗಿದ್ದರೆ ನಂತರ ಬಂದ ಬೇನೆ ಸೇವೆಯಿಂದ ಬಂತು ಅಂತಲೇ ಹಿಡಿಯಬೇಕು. ಅಲ್ಲ ಅನ್ನುವವರು ಕಾರಣ ಬರೆಯಬೇಕು. ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ, ಅನುಮಾನ ಬಂದರೆ ಲಾಭ ಅವನಿಗೆ.

ಆದರೆ ಬೇನೆ ಸೇವೆಗೆ ಸಂಬಂಧಿಸಿದ್ದಾ ಅಂತ ತೀರ್ಮಾನಿಸುವ ನಿಯಮಗಳು ಬದಲಾಗಿವೆ. 1982ರವು, 2008ರವು, ಈಗ 2023ರ ಸೆಪ್ಟೆಂಬರ್ 21ರಿಂದ ಬಂದವು. 2008ರ ನಿಯಮದಲ್ಲಿ ಒಂದು ಗಂಟು ಇದೆ: ಸೇವೆ ಬಿಟ್ಟು 15 ವರ್ಷ ದಾಟಿ, ದಾಖಲೆಗಳು ನಾಶವಾದ ಮೇಲೆ ಕೇಳಿದರೆ ಸಾಬೀತಿನ ಹೊರೆ ಕೇಳುವವರ ಮೇಲೆ ಬೀಳುತ್ತದೆ. ಸಾವಿನ ದಿನಾಂಕ ಹೇಳಿ, ಯಾವ ನಿಯಮ ಹತ್ತುತ್ತದೆ ಅಂತ ವಕೀಲರನ್ನು ಮೊದಲೇ ಕೇಳಿ.

ಹದಿನಾಲ್ಕು ದಿನ

ಇದನ್ನು ನಿಧಾನವಾಗಿ ಓದಿ. ನನ್ನ ಕೇಸು ನಿಂತದ್ದು ಇದರ ಮೇಲೆ.

ಸೈನ್ಯದ ವೈದ್ಯರಿಗೆ ಪೆನ್ಷನ್ ವಿಷಯದಲ್ಲಿ ಒಂದು ಮಾರ್ಗದರ್ಶಿ ಇದೆ. ಹೃದಯದ ಬೇನೆ ಸೇವೆಗೆ ಸಂಬಂಧಿಸಿದ್ದಾ ಅಂತ ನೋಡುವಾಗ ಬೇನೆ ಬರುವ ಹಿಂದಿನ 14 ದಿನ ಆ ಸೈನಿಕ ಏನು ಡ್ಯೂಟಿ ಮಾಡಿದ ಅಂತ ನೋಡಬೇಕು ಅಂತ ಅದರಲ್ಲಿದೆ. ನಮ್ಮವರ ಫೈಲಿನಲ್ಲಿ ಆ 14 ದಿನದ ಒಂದು ಸಾಲೂ ಇರಲಿಲ್ಲ. ಹೃದಯಾಘಾತ ಅಂತ ಬರೆದು ಮುಗಿಸಿದ್ದರು.

ನಾನು ಒಂದು ನೂರು ಪುಟದ ನೋಟ್‌ಬುಕ್ ತಂದು ಒಂದು ಪುಟಕ್ಕೆ ಒಂದು ದಿನಾಂಕ ಬರೆದೆ. ಹದಿನಾಲ್ಕು ಪುಟ. ನನಗೆ ನೆನಪಿದ್ದದ್ದು ಎರಡೇ ಫೋನು. ಒಂದರಲ್ಲಿ “ಹಿಮ ಭಾಳ ಬಿದ್ದದ, ದಾರಿ ತೆಗೀಲಿಕ್ಕೆ ಹತ್ತೇವಿ” ಅಂದಿದ್ದರು. ಇನ್ನೊಂದರಲ್ಲಿ ಮಗಳ ಶಾಲೆ ಬಗ್ಗೆ ಕೇಳಿ, “ನಿದ್ದಿ ಇಲ್ಲ” ಅಂತ ಒಂದೇ ಮಾತು. ಉಳಿದ ಹನ್ನೆರಡು ಪುಟ ಖಾಲಿ.

ಟ್ರಂಕು ತೆಗೆದೆ. ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರ್ ಇನ್ನೂ ಹಾಗೇ ಇತ್ತು. ಒಳಗೆ ಸ್ವೆಟರ್, ರಜೆ ಚೀಟಿಗಳು, ಒಂದು ಸಣ್ಣ ಡೈರಿ. ಡೈರಿಯಲ್ಲಿ ಅದೇ ಪೋಸ್ಟಿನಲ್ಲಿದ್ದ ಒಬ್ಬ ನಾಯಕ್ (ಹವಾಲ್ದಾರರ ಕೆಳಗಿನ ದರ್ಜೆ) ಅವರ ಹೆಸರು, ಬಸವಕಲ್ಯಾಣದ ಹತ್ತಿರದ ಹಳ್ಳಿ ಅಂತ. ಅವರು ಆಗಲೇ ನಿವೃತ್ತಿ ಆಗಿ ಊರಿಗೆ ಬಂದಿದ್ದರು. ಬಸ್ ಹಿಡಿದು ಹೋದೆ. ಅವರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ನಾಯಕ್ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. “ವೈನಿ, ಕಡೀ ಮೂರು ರಾತ್ರಿ ನಾವ್ಯಾರೂ ಮಲಗಿಲ್ರಿ” ಅಂದರು. ಗಸ್ತು, ಆಮೇಲೆ ಹಿಮ ತೆಗೆಯುವುದು, ಆಮೇಲೆ ಕಾವಲು. ಸಾವಿಗೆ ಎರಡು ದಿನ ಮೊದಲು ನಮ್ಮವರು ಎದೆ ಉರಿ ಅಂದಿದ್ದಕ್ಕೆ ಗುಳಿಗೆ ಕೊಟ್ಟು ಮತ್ತೆ ಡ್ಯೂಟಿಗೆ ಹಚ್ಚಿದ್ದರು. ಅವರು ಹೇಳುತ್ತಾ ಹೋದರು, ನನ್ನ ನೋಟ್‌ಬುಕ್ಕಿನಲ್ಲಿ ಒಂಬತ್ತು ಪುಟ ತುಂಬಿತು. ಅದನ್ನೇ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿದೆವು.

ಜೊತೆಗಿದ್ದವರ ಮಾತು ಕಾಗದದಷ್ಟೇ ಬೆಲೆಯುಳ್ಳದ್ದು. ಆದರೆ ಅವರಿಗೂ ವಯಸ್ಸಾಗುತ್ತದೆ, ಮರೆಯುತ್ತಾರೆ, ಊರು ಬಿಡುತ್ತಾರೆ. ಮೊದಲು ಅವರನ್ನು ಹುಡುಕಿ.

ಕಾಗದ ತರಿಸುವುದು

ಸೈನಿಕನ ಪೂರ್ತಿ ದಾಖಲೆ ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಇಎಂಇಗೆ (ಸೈನ್ಯದ ಯಂತ್ರ, ವಾಹನ ರಿಪೇರಿ ವಿಭಾಗ) ಸಿಕಂದರಾಬಾದ್, ತೋಪಖಾನೆಗೆ ನಾಸಿಕ್ ರೋಡ್. ಅಲ್ಲಿಗೆ ಆರ್‌ಟಿಐ ಹಾಕಬೇಕು. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಅವರದೇ ಮೇಲಧಿಕಾರಿಗೆ ಅಪೀಲು.

“ನಮ್ಮವರ ಫೈಲ್ ಕೊಡಿ” ಅಂತ ಬರೆಯಬೇಡಿ. ನಾನು ಮೊದಲ ಸಲ ಹಾಗೇ ಬರೆದೆ, ಎರಡು ಸಾಲಿನ ಉತ್ತರ ಬಂತು. ಎರಡನೇ ಸಲ ಒಂದೊಂದೇ ಹೆಸರು ಹೇಳಿ ಕೇಳಿದೆ:

– ಭರ್ತಿ ಸಮಯದ ಮತ್ತು ಪ್ರತಿ ವರ್ಷದ ವೈದ್ಯಕೀಯ ಪರೀಕ್ಷೆಯ ಪ್ರತಿ
– ಕೋರ್ಟ್ ಆಫ್ ಎನ್‌ಕ್ವೈರಿಯ (ಸೈನ್ಯದ ಒಳಗಿನ ವಿಚಾರಣೆ) ಪೂರ್ತಿ ನಡಾವಳಿ, ಕಮಾಂಡರ್ ಅಭಿಪ್ರಾಯದ ಸಮೇತ
– ಪೋಸ್ಟ್‌ಮಾರ್ಟಂ ವರದಿ. ಗಾಯ ಆಗಿದ್ದರೆ ಐಎಎಫ್‌ವೈ-2006 ಅನ್ನುವ ಫಾರ್ಮಿನ ಗಾಯದ ವರದಿ
– ಸಾವಿನ ಸುದ್ದಿ ಕಳಿಸಿದ ಮೊದಲ ಸಿಗ್ನಲ್ (ಯೂನಿಟ್‌ನ ತಂತಿ ಸಂದೇಶ) ಮತ್ತು ಆಮೇಲೆ ತಿದ್ದಿದ್ದರೆ ಅದೂ
– ಸಾವಿನ ಹಿಂದಿನ 14 ದಿನದ ಡ್ಯೂಟಿ ವಿವರ
– ಸಂಬಂಧವಿಲ್ಲ ಅಂತ ತೀರ್ಮಾನ ಮಾಡಿದ ವೈದ್ಯಕೀಯ ಅಭಿಪ್ರಾಯದ ಪ್ರತಿ

ಸಿಗ್ನಲ್ ಯಾಕೆ ಬೇಕು ಅಂದರೆ, ಸಾವಾದ ದಿನ ಯೂನಿಟ್ ಏನು ಬರೆಯಿತು ಅನ್ನುವುದು ಅದರಲ್ಲಿ ಇರುತ್ತದೆ. ‘ಬ್ಯಾಟಲ್ ಕ್ಯಾಶುಯಲ್ಟಿ’ (ಕಾಳಗದ ಸಾವು) ಅಂತ ಬರೆದು, ಆಮೇಲೆ ‘ಫಿಸಿಕಲ್ ಕ್ಯಾಶುಯಲ್ಟಿ’ (ಕಾಳಗದ್ದಲ್ಲದ ಸಾವು) ಅಂತ ಬದಲಾಯಿಸಿದ ಕೇಸುಗಳಿವೆ. ಸರೋಜ್ ದೇವಿ ಕೇಸಿನಲ್ಲಿ ಆದದ್ದು ಅದೇ. ಅವರ ಗಂಡ 2013ರ ಜನವರಿಯಲ್ಲಿ ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆಯ ಹತ್ತಿರ ಗಸ್ತಿನಲ್ಲಿದ್ದಾಗ, ಕಡು ಚಳಿಯಲ್ಲಿ ಉಸಿರು ಕಟ್ಟಿ ಸತ್ತರು. ಸ್ಪೆಷಲ್ ಪೆನ್ಷನ್ ಕೊಟ್ಟರು, ಲಿಬರಲೈಸ್ಡ್ ಕೊಡಲಿಲ್ಲ. ಸರೋಜ್ ದೇವಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿ 2019ರಲ್ಲಿ ಗೆದ್ದರು. ಕೇಂದ್ರ ಸರ್ಕಾರ ಅದರ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಆ ಅಪೀಲು ವಜಾ ಮಾಡಿ, ವಿಧವೆಯನ್ನು ಅಲ್ಲಿಯವರೆಗೆ ಎಳೆದದ್ದಕ್ಕೆ ಆಕೆಗೆ 50,000 ರೂಪಾಯಿ ಖರ್ಚು ಕೊಡಲು ಹೇಳಿತು. ಗುಂಡು ತಾಗದೆ ಸತ್ತವರು ಯುದ್ಧದಲ್ಲಿ ಸತ್ತವರಲ್ಲ ಅಂತ ಯಾರಾದರೂ ಹೇಳಿದರೆ ಈ ತೀರ್ಪು ತೋರಿಸಿ.

ರಜೆಯಲ್ಲಿ ಸತ್ತರೆ? ಕ್ಯಾಶುಯಲ್ ರಜೆಯನ್ನು ಡ್ಯೂಟಿ ಅಂತಲೇ ಎಣಿಸುತ್ತಾರೆ, ಆದರೂ ಸಾವಿಗೂ ಸೇವೆಗೂ ಏನಾದರೂ ನಂಟು ತೋರಿಸಬೇಕಾಗುತ್ತದೆ. ಯೂನಿಟ್‌ಗೆ ಹೋಗುವಾಗ ಬರುವಾಗ ದಾರಿಯಲ್ಲಿ ಆದದ್ದಾದರೆ ಕೇಸು ಗಟ್ಟಿ. ರಜೆ ಚೀಟಿ, ರೈಲು ಟಿಕೆಟ್ ಜೋಪಾನ ಮಾಡಿ.

ನಿವೃತ್ತಿ ಆಗಿ ಊರಿಗೆ ಬಂದ ಮೇಲೆ ಸತ್ತವರ ಮನೆಯವರೂ ಕೇಳಬಹುದು. ಸೇವೆಯ ಗಾಯ ಅಥವಾ ಬೇನೆಯಿಂದ ಸಾವು ಬಂದಿದ್ದರೆ, ಅಥವಾ ಅದರಿಂದ ಸಾವು ಬೇಗ ಬಂದಿದ್ದರೆ, ಹಕ್ಕು ಇದೆ. ಇಲ್ಲಿ ಕೆಡುವುದು ಆಸ್ಪತ್ರೆಯ ಒಂದು ಸಾಲಿನಿಂದ. ಸಾವಿನ ಕಾರಣದ ಫಾರ್ಮಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಅಂತ ಬರೆದು ಬಿಡುತ್ತಾರೆ. ಅದರ ಅರ್ಥ ಹೃದಯ ನಿಂತಿತು, ಉಸಿರು ನಿಂತಿತು ಅಂತ ಅಷ್ಟೇ. ಅದು ಎಲ್ಲರ ಸಾವಿಗೂ ಹೊಂದುತ್ತದೆ. ಆ ಫಾರ್ಮಿನಲ್ಲಿ ಕೆಳಗೆ ಮೂಲ ಕಾರಣ ಬರೆಯುವ ಸಾಲುಗಳಿವೆ. “ಡಾಕ್ಟರೇ, ಯಾವ ಬೇನೆಯಿಂದ ಹೀಗಾಯಿತು ಅದನ್ನೂ ಬರೀರಿ” ಅಂತ ಅಲ್ಲೇ ಕೇಳಬೇಕು. ದುಃಖದಲ್ಲಿ ನಿಮಗೆ ಆಗದಿದ್ದರೆ ಅಣ್ಣನಿಗೋ ಭಾವನಿಗೋ ಹೇಳಿ.

ಅಪೀಲಿನ ದಾರಿ

ತಿರಸ್ಕಾರದ ಪತ್ರ ಬಂದ 6 ತಿಂಗಳೊಳಗೆ ರೆಕಾರ್ಡ್ ಆಫೀಸ್ ಮೂಲಕ ಮೊದಲ ಅಪೀಲು. ಅದೂ ಹೋದರೆ ಎರಡನೇ ಅಪೀಲು. ಎರಡಕ್ಕೂ ಬೇರೆ ಬೇರೆ ಸಮಿತಿ ಇವೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿಯನ್ನು ಪ್ರತಿಯ ಮೇಲೆ ಅಂಟಿಸಿ ಇಡಿ.

ಅರ್ಜಿಯನ್ನು ನಾನು ಮೊದಲು ಕನ್ನಡದಲ್ಲೇ ಬರೆದೆ. ಮಾಸ್ತರರು ಇಂಗ್ಲಿಷಿಗೆ ತಿರುಗಿಸಿದರು. ಮೊದಲ ಸಲ ನಾಲ್ಕು ಪುಟ ನನ್ನ ಕಷ್ಟವೇ ತುಂಬಿತ್ತು: ತೊಗರಿ ಬೆಳೆ ಹೋದದ್ದು, ಮಗಳ ಫೀಸು, ಸಾಲ. ಮಾಸ್ತರರು ಓದಿ, “ತಂಗೀ, ಇದೆಲ್ಲಾ ಖರೇನೇ. ಆದ್ರ ಅವರು ಕೇಳೂದು ನಿನ್ನ ಕಷ್ಟ ಅಲ್ಲ, ಅವನ ಡ್ಯೂಟಿ” ಅಂದರು. ಎರಡನೇ ಸಲ ಒಂದೂವರೆ ಪುಟಕ್ಕೆ ಬಂತು. ಭರ್ತಿಯಲ್ಲಿ ಗಟ್ಟಿ ಇದ್ದರು, ಕಾಗದ ಇಲ್ಲಿದೆ. ಆ 14 ದಿನ ಹೀಗೆ ದುಡಿದರು, ಅಫಿಡವಿಟ್ ಇಲ್ಲಿದೆ. ನಿಮ್ಮ ಪತ್ರದಲ್ಲಿ ಕಾರಣ ಇಲ್ಲ. ಸೇವೆಯಿಂದ ಬಂದದ್ದು, ಇಲ್ಲವೇ ಸೇವೆಯಿಂದ ಹೆಚ್ಚಾದದ್ದು ಅಂತ ಒಪ್ಪಿ ಸಾವಿನ ದಿನದಿಂದ ಸ್ಪೆಷಲ್ ಪೆನ್ಷನ್ ಕೊಡಿ. ಇಷ್ಟೇ.

ನನ್ನ ಅರ್ಜಿಗೆ ಆರು ತಿಂಗಳಾದರೂ ಉತ್ತರ ಬರಲಿಲ್ಲ. ಉತ್ತರ ಬಾರದೆ 6 ತಿಂಗಳು ಕಳೆದರೆ ನ್ಯಾಯಮಂಡಳಿಗೆ ಹೋಗಬಹುದು, ಅದಕ್ಕೆ ಮತ್ತೆ 6 ತಿಂಗಳ ಅವಧಿ. 2007ರ ಕಾಯ್ದೆಯಲ್ಲಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಕರ್ನಾಟಕದವರ ಕೇಸು ಕೊಚ್ಚಿ ಪೀಠಕ್ಕೆ ಹೋಗುತ್ತದೆ. ಇಲ್ಲಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಅಂತ ಹೆದರಬೇಡಿ. ನಾನು ಹೋದದ್ದು ಒಂದೇ ಸಲ, ಉಳಿದದ್ದನ್ನು ವಕೀಲರೇ ನೋಡಿಕೊಂಡರು.

ವಕೀಲರ ಫೀಸು ಕೊಡಲು ಆಗದಿದ್ದರೆ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಸಹಾಯವಾಣಿ 15100. ಸೈನಿಕ ಕುಟುಂಬಗಳಿಗಾಗಿ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಅಂತ ಶುರು ಮಾಡಿದ್ದಾರೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಅದರ ಬಗ್ಗೆ ಕೇಳಿ.

ತಡ ಆಗಿದೆ ಅಂತ ಬಿಡಬೇಡಿ. ಪೆನ್ಷನ್ ತಿಂಗಳು ತಿಂಗಳು ಬರುವ ಹಕ್ಕು, ಆದ್ದರಿಂದ ತಡವಾದರೂ ಕೋರ್ಟ್ ಕೇಳುತ್ತದೆ. ಆದರೆ ಸುಪ್ರೀಂ ಕೋರ್ಟಿನ 2008ರ ತರ್ಸೆಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿ ಹಣ ಸಾಮಾನ್ಯವಾಗಿ ಕೇಸು ಹಾಕಿದ ದಿನದಿಂದ ಹಿಂದಿನ 3 ವರ್ಷದ್ದು ಮಾತ್ರ. ನನ್ನ ಎಂಟು ವರ್ಷ ಹೋದದ್ದು ಇದರಲ್ಲೇ.

ನ್ಯಾಯಮಂಡಳಿಯಲ್ಲಿ ಸೋತರೂ ಮುಂದೆ ದಾರಿ ಇದೆ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿಗೆ ರಿಟ್ ಹಾಕುವ ದಾರಿ ಮುಚ್ಚಿಲ್ಲ ಅಂತ ಹೇಳಿದೆ. ಬೀದರ್, ಯಾದಗಿರಿ, ಕಲಬುರಗಿ ಮೂರಕ್ಕೂ ಕಲಬುರಗಿ ಹೈಕೋರ್ಟ್ ಪೀಠವೇ ಇದೆ.

ನಿಮ್ಮವರು ಬಿಎಸ್‌ಎಫ್, ಸಿಆರ್‌ಪಿಎಫ್ ಇಂಥ ಪಡೆಯಲ್ಲಿದ್ದರೆ ಈ ನ್ಯಾಯಮಂಡಳಿ ನಿಮ್ಮದಲ್ಲ. ನಿಮಗೆ ಎಕ್ಸ್‌ಟ್ರಾಆರ್ಡಿನರಿ ಪೆನ್ಷನ್ ನಿಯಮ ಬೇರೆ, ಕೇಸು ನೇರ ಹೈಕೋರ್ಟಿಗೆ. ಇದು ತಿಳಿಯದೆ ಕೆಲವರು ಒಂದು ವರ್ಷ ಸುಮ್ನೆ ಕಳೆದಿದ್ದಾರೆ.

ಆದೇಶ ಬಂದ ಮೇಲೆ

2024ರ ಕೊನೆಗೆ ನನ್ನ ಪರ ಆದೇಶ ಬಂತು. ಅವತ್ತು ನಾನು ಅವರ ಫೋಟೋ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತೆ. ಮರುದಿನವೇ ಕೆಲಸ ಶುರು ಮಾಡಿದೆ, ಯಾಕೆಂದರೆ ಆದೇಶ ತಾನಾಗಿ ಹಣ ಆಗುವುದಿಲ್ಲ. ಸರ್ಟಿಫೈಡ್ ಪ್ರತಿ ತೆಗೆದುಕೊಂಡು ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಆದೇಶದಲ್ಲಿ ಎಷ್ಟು ತಿಂಗಳಲ್ಲಿ ಕೊಡಬೇಕು ಅಂತ ಇರುತ್ತದೆ. ಅದು ದಾಟಿದರೆ ಜಾರಿ ಅರ್ಜಿ ಹಾಕಲು ವಕೀಲರಿಗೆ ಹೇಳಬೇಕು. ಹೊಸ ಪಿಪಿಒ ಬಂದ ಮೇಲೆ ಅದರಲ್ಲಿ ಶೇ. 60 ಇದೆಯಾ, ಯಾವ ದಿನಾಂಕದಿಂದ, ಬಾಕಿ ಎಷ್ಟು ಅಂತ ಸಾಲು ಸಾಲು ನೋಡಿ.

ನನ್ನ ಬಾಕಿ ಹಣ ನಾಲ್ಕು ತಿಂಗಳು ತಡೆದದ್ದು ಹೆಸರಿನಿಂದ. ಸೈನ್ಯದ ದಾಖಲೆಯಲ್ಲಿ ನನ್ನ ಹೆಸರಿನ ಕೊನೆಗೆ ‘ಬಾಯಿ’, ಆಧಾರ್‌ನಲ್ಲಿ ‘ಮ್ಮ’. ನಮ್ಮ ಕಡೆ ಎಷ್ಟು ಜನರಿಗೆ ಹೀಗಿಲ್ಲ! ಎರಡೂ ಹೆಸರು ಒಬ್ಬಳದೇ ಅಂತ ಅಫಿಡವಿಟ್ ಮಾಡಿಸಿ, ಅದರ ಜೊತೆ ಮಗಳ ಶಾಲೆ ಸರ್ಟಿಫಿಕೇಟ್ ಇಟ್ಟು ಕಳಿಸಿದ ಮೇಲೆ ಹಣ ಜಮಾ ಆಯಿತು. ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಪಿಒ ಮೂರನ್ನೂ ಈಗಲೇ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನಾಂಕ ಹೊಂದಿಸಿ ನೋಡಿ. ಬೇರೆ ಇದ್ದರೆ ಅಪೀಲು ಕಳಿಸುವ ಮೊದಲೇ ಆ ಅಫಿಡವಿಟ್ ಮಾಡಿಸಿ, ಅರ್ಜಿಯ ಜೊತೆಗೇ ಲಗತ್ತಿಸಿ.